ಕೋಣೆಯ ದನಿಯನ್ನು ತಿದ್ದಹೊರಟವರು

ಹಾರ್ವರ್ಡ್ ವಿಶ್ವವಿದ್ಯಾಲಯದ ಫಾಗ್ ಕಲಾ ಸಂಗ್ರಹಾಲಯ 1895ರಲ್ಲಿ ಬಾಗಿಲು ತೆರೆದಾಗ ಅದರ ಉಪನ್ಯಾಸ ಸಭಾಂಗಣ ನೋಡಲು ಚೆಂದವಿತ್ತು. ಕೂತು ಕೇಳಲು ಮಾತ್ರ ಆಗುತ್ತಿರಲಿಲ್ಲ. ಮೇಷ್ಟ್ರು ಆಡಿದ ಒಂದು ಮಾತು ಐದು ಸೆಕೆಂಡಿಗೂ ಹೆಚ್ಚು ಹೊತ್ತು ಗೋಡೆಯಿಂದ ಗೋಡೆಗೆ ಅಲೆದಾಡಿ, ಹಿಂದೆಯೇ ಬಂದ ಹತ್ತಾರು ಮಾತುಗಳ ಮೇಲೆ ಬಿದ್ದು ಎಲ್ಲವೂ ಕಲಸುಮೇಲೋಗರವಾಗುತ್ತಿತ್ತು. ಇದನ್ನು ಹೇಗಾದರೂ ಸರಿಮಾಡು ಎಂದು ವಿಶ್ವವಿದ್ಯಾಲಯ ಭೌತವಿಜ್ಞಾನ ವಿಭಾಗದ 27 ವರ್ಷದ ಅಧ್ಯಾಪಕ ವಾಲೇಸ್ ಸಬೈನ್‌ಗೆ ಹೇಳಿತು. ಹಿರಿಯರು ಕೈಹಾಕಲು ಒಲ್ಲದ ಕೆಲಸ ಕಿರಿಯನ ಪಾಲಿಗೆ ಬರುವುದು ಎಲ್ಲ ಕಾಲೇಜುಗಳಲ್ಲೂ ನಡೆಯುವ ಸಂಗತಿಯೇ.

ಸಬೈನ್ ಬಳಿ ಇದ್ದದ್ದು ಒಂದು ಆರ್ಗನ್ ಕೊಳವೆ, ಕಾಲ ಅಳೆಯುವ ಒಂದು ಉಪಕರಣ ಮತ್ತು ತನ್ನದೇ ಕಿವಿ. ಹಗಲಿನ ಗದ್ದಲದಲ್ಲಿ ಅಳತೆ ಸಾಧ್ಯವಿರಲಿಲ್ಲ. ಹಾಗಾಗಿ ನಡುರಾತ್ರಿ ದಾಟಿದ ಮೇಲೆ ಸಹಾಯಕರೊಂದಿಗೆ ಪಕ್ಕದ ಸ್ಯಾಂಡರ್ಸ್ ರಂಗಮಂದಿರದ ಆಸನಗಳ ಮೇಲಿನ ಮೆತ್ತೆಗಳನ್ನು ಹೊತ್ತು ತರುವುದು, ಒಂದೊಂದಾಗಿ ಸಭಾಂಗಣದಲ್ಲಿ ಹರಡುವುದು, ಕೊಳವೆ ಊದಿ ನಿಲ್ಲಿಸಿ ಸದ್ದು ಎಷ್ಟು ಹೊತ್ತಿಗೆ ಕಿವಿಗೆ ಕೇಳದಾಗುತ್ತದೆ ಎಂದು ಬರೆದುಕೊಳ್ಳುವುದು, ಬೆಳಕು ಹರಿಯುವುದರೊಳಗೆ ಮೆತ್ತೆಗಳನ್ನು ವಾಪಸು ಒಯ್ದಿಡುವುದು. ಕೊನೆಗೆ ತಾನು ತೊಟ್ಟ ಬಟ್ಟೆಯೂ ಸದ್ದನ್ನು ಹೀರಿ ಅಳತೆ ಕೆಡಿಸುತ್ತಿದೆ ಎಂದು ಆತನಿಗೆ ಹೊಳೆಯಿತು. ಆವರೆಗಿನ ಸಾವಿರಾರು ಅಳತೆಗಳನ್ನು ಬದಿಗೊತ್ತಿ, ಅಂದಿನಿಂದ ಪ್ರತಿ ಪ್ರಯೋಗಕ್ಕೂ ಅದೇ ಕೋಟು, ಅದೇ ಷರಾಯಿ ತೊಟ್ಟುಕೊಂಡೇ ಹೋದ. ಹಟ ಎಂದರೆ ಇದು.

1898ರಲ್ಲಿ ಸೂತ್ರ ಸಿಕ್ಕಿತು. ಕೋಣೆಯ ಗಾತ್ರ ಹೆಚ್ಚಿದಷ್ಟೂ ಅನುರಣನ, ಅಂದರೆ ಸದ್ದು ಉಳಿಯುವ ಹೊತ್ತು, ಉದ್ದವಾಗುತ್ತದೆ, ಸದ್ದು ಹೀರುವ ಸಾಮಗ್ರಿ ಹೆಚ್ಚಿದಷ್ಟೂ ಕುಗ್ಗುತ್ತದೆ. ಆ ಲೆಕ್ಕ ಹಿಡಿದು ಕಟ್ಟಿದ ಬಾಸ್ಟನ್ ಸಿಂಫನಿ ಹಾಲ್ 1900ರ ಅಕ್ಟೋಬರಿನಲ್ಲಿ ತೆರೆಯಿತು. ಸಂಗೀತ ಕೇಳಲು ಜಗತ್ತಿನ ಅತ್ಯುತ್ತಮ ಸಭಾಂಗಣಗಳಲ್ಲಿ ಒಂದು ಎಂಬ ಹೆಸರು ಅದಕ್ಕೆ ಈಗಲೂ ಇದೆ. ಕಟ್ಟಡ ದನಿಯನ್ನು ಬದಲಿಸುತ್ತದೆ ಎಂಬುದು ಹೊಸ ತಿಳಿವಳಿಕೆಯೇನಲ್ಲ. ವಿಜಯಪುರದ ಗೋಲಗುಂಬಜಿನ ಗ್ಯಾಲರಿಯಲ್ಲಿ ನಿಂತು ಪಿಸುಗುಟ್ಟಿದವರಿಗೆಲ್ಲ ಅದು ಗೊತ್ತು; 1920ರ ದಶಕದ ಆರಂಭದಲ್ಲಿ ಸಿ.ವಿ. ರಾಮನ್ ಕೂಡ ಇಂಥ ಪಿಸುಗುಟ್ಟುವ ಗ್ಯಾಲರಿಗಳ ಮೇಲೆ ಪ್ರಬಂಧ ಬರೆದಿದ್ದಾರೆ. ಎಷ್ಟು ಬದಲಿಸುತ್ತದೆ ಎಂದು ಅಂಕಿಯಲ್ಲಿ ಹೇಳಲು ಬಂದದ್ದು ಸಬೈನ್ ನಂತರವೇ.

ಸಬೈನ್ ತಿದ್ದಿದ್ದು ಕೋಣೆಯನ್ನು. ಕೋಣೆಯನ್ನು ಮುಟ್ಟದೆ, ಅದರೊಳಕ್ಕೆ ಬಿಡುವ ದನಿಯನ್ನೇ ಮೊದಲು ತಿದ್ದಿ ಕಳಿಸಿದರೆ ಹೇಗೆ? ಧ್ವನಿವರ್ಧಕ ಬಂದ ಮೇಲೆ ಹುಟ್ಟಿದ ಈ ಪ್ರಶ್ನೆಯಿಂದಲೇ ಇಂದಿನ ಡಿಜಿಟಲ್ ಕೋಣೆ ತಿದ್ದುಪಡಿಯ ವಂಶಾವಳಿ ಶುರುವಾಗುವುದು.

1930ರ ದಶಕದಲ್ಲಿ ಅಮೆರಿಕದ ಆರ್‌ಸಿಎ ಕಂಪನಿಯ ಜಾನ್ ವೋಕ್‌ಮನ್ ಚಿತ್ರಮಂದಿರದ ಧ್ವನಿಯನ್ನು ಸರಿಪಡಿಸಲು, ಬೇರೆ ಬೇರೆ ಸ್ವರಗಳನ್ನು ಬೇಕಾದಷ್ಟು ಏರಿಸಿ ಇಳಿಸಬಲ್ಲ ಈಕ್ವಲೈಸರ್ ಬಳಸಿದರು. ಮುಂದಿನ ದೊಡ್ಡ ಹೆಜ್ಜೆ ಬಿದ್ದದ್ದು ಟೆಕ್ಸಾಸ್‌ನಲ್ಲಿ. ಡಲ್ಲಾಸ್‌ನ ಲವ್ ಫೀಲ್ಡ್ ವಿಮಾನ ನಿಲ್ದಾಣದ ಪ್ರಕಟಣೆಗಳು ಪ್ರಯಾಣಿಕರಿಗೆ ಅರ್ಥವಾಗುವಂತೆ ಮಾಡಲು ವೇನ್ ರಡ್‌ಮೋಸ್ ಈಕ್ವಲೈಸೇಷನ್ ಬಳಸಿ, 1958ರಲ್ಲಿ ಅದರ ಬಗ್ಗೆ ಬರೆದರು. ಆಸ್ಟಿನ್‌ನ ಭೌತವಿಜ್ಞಾನಿ ಸಿ.ಪಿ. ಬೋನರ್ 1960ರ ದಶಕದಲ್ಲಿ ಗುಂಯ್‌ಗುಡುವ ಸಭಾಂಗಣಗಳನ್ನು ಕೈಗೆತ್ತಿಕೊಂಡರು. ಮೈಕ್ ಕೀರಲು ಶುರುವಿಟ್ಟಾಗ ಅದು ಯಾವ ಸ್ವರದಲ್ಲಿ ಕೀರುತ್ತದೆ ಎಂದು ಪತ್ತೆಹಚ್ಚಿ, ಆ ಕಿರಿದಾದ ಪಟ್ಟಿಯೊಂದನ್ನೇ ಫಿಲ್ಟರ್ ಹಾಕಿ ತಗ್ಗಿಸುವುದು ಅವರ ವಿಧಾನ. 1967ರಲ್ಲಿ ಆಲ್ಟೆಕ್ ಕಂಪನಿ ಇದನ್ನೇ ‘ಅಕೌಸ್ಟಾ-ವಾಯ್ಸಿಂಗ್’ ಎಂಬ ಹೆಸರಿನಲ್ಲಿ ಮಾರಾಟದ ಸರಕಾಗಿಸಿತು: ಒಂದು ಸ್ಥಾಯಿಯನ್ನು ಮೂರು ಪಾಲು ಮಾಡಿ, ಪಾಲಿಗೊಂದು ಫಿಲ್ಟರ್. 1970ರ ದಶಕದಲ್ಲಿ ಡಾಲ್ಬಿಯ ಅಯನ್ ಆಲೆನ್ ಮತ್ತು ಸಂಗಡಿಗರು ಸಿನಿಮಾ ಮಂದಿರಗಳಿಗೆ ಯಾವ ಸ್ವರ ಎಷ್ಟು ಜೋರಾಗಿರಬೇಕು ಎಂಬ ಒಂದು ಸಾಮಾನ್ಯ ಗೆರೆ ಹಾಕಿಕೊಟ್ಟರು, ಅದೇ ಎಕ್ಸ್-ಕರ್ವ್.

ಮನೆಯ ಹೈ-ಫೈಗೆ ಈ ವಿದ್ಯೆ ಇಳಿದುಬರಲು ಕೊಂಚ ತಡವಾಯಿತು. 1974ರಲ್ಲಿ ಡೆನ್ಮಾರ್ಕಿನ ಬ್ರೂಯೆಲ್ ಆಂಡ್ ಕೇರ್ ಎಂಬ ಅಳತೆ ಉಪಕರಣಗಳ ಕಂಪನಿಯ ಹೆನಿಂಗ್ ಮೊಲ್ಲರ್ ಒಂದು ಪ್ರಬಂಧ ಮಂಡಿಸಿದರು. ಕೇಳುಗ ಕೂರುವ ಜಾಗದಲ್ಲಿ ಅಳೆದಾಗ ಧ್ವನಿಯ ಗೆರೆ ಬಾಸ್‌ನಿಂದ ಟ್ರೆಬಲ್‌ವರೆಗೆ ಸಪಾಟಾಗಿರಬಾರದು, ಮೇಲಿನ ಸ್ವರಗಳ ಕಡೆ ಮೆಲ್ಲಗೆ ಇಳಿಯುತ್ತ ಹೋಗಬೇಕು ಎಂಬುದು ಅದರ ಸಾರ. ಈ ಇಳಿಜಾರಿನ ವಿಷಯ ಮುಂದೆ ಮತ್ತೆ ಬರುತ್ತದೆ; ಅದನ್ನು ಮರೆತವರು ಪೆಟ್ಟು ತಿಂದಿದ್ದಾರೆ. ಆ ದಶಕದ ಕೊನೆಗೆ ಗ್ರಾಫಿಕ್ ಈಕ್ವಲೈಸರ್ ಮನೆಮನೆಯ ಒಡವೆಯಾಯಿತು. ನಮ್ಮ ಊರುಗಳ ಡೆಕ್ಕುಗಳ ಮುಖದ ಮೇಲೂ ಆ ಸಾಲು ಗುಂಡಿಗಳು ಬಂದವು, ಬಹುಪಾಲು ಜನ ಎರಡೂ ತುದಿಗಳನ್ನು ಎತ್ತಿ ನಡುವನ್ನು ಇಳಿಸಿ, ನಗುವ ಬಾಯಿಯ ಆಕಾರ ಮಾಡಿಟ್ಟರು. ಅಳೆಯುವ ಮೈಕ್ ಯಾರ ಮನೆಯಲ್ಲೂ ಇರಲಿಲ್ಲ. ಹಾಗಾಗಿ ಅದು ತಿದ್ದುಪಡಿಯಲ್ಲ, ಅಲಂಕಾರ.

ಇಷ್ಟಕ್ಕೂ ಕೋಣೆ ಮಾಡುವ ಕಿತಾಪತಿ ಏನು? ಬೆಂಗಳೂರಿನ ಅಪಾರ್ಟ್‌ಮೆಂಟೊಂದರ 10 ಅಡಿಗೆ 12 ಅಡಿಯ ಕೋಣೆಯನ್ನೇ ತೆಗೆದುಕೊಂಡರೂ ಆದೀತು. 12 ಅಡಿ ಎಂದರೆ ಸುಮಾರು 3.66 ಮೀಟರ್. ಅದರ ಎರಡರಷ್ಟು ಉದ್ದದ ಅಲೆ, ಅಂದರೆ ಸುಮಾರು 47 ಹರ್ಟ್ಸ್‌ನ ಸ್ವರ, ಎದುರುಬದುರು ಗೋಡೆಗಳ ನಡುವೆ ಸರಿಯಾಗಿ ಕೂತುಬಿಡುತ್ತದೆ. 10 ಅಡಿಯ ಕಡೆಗೆ ಅದೇ ರೀತಿ 56 ಹರ್ಟ್ಸ್. ಈ ಸ್ವರಗಳು ಗೋಡೆಯ ಬಳಿ ಗುಡುಗುತ್ತವೆ, ಕೋಣೆಯ ನಡುಮಧ್ಯದಲ್ಲಿ ಹೆಚ್ಚುಕಡಿಮೆ ಮಾಯವಾಗುತ್ತವೆ. ಸೋಫಾವನ್ನು ಎರಡಡಿ ಸರಿಸಿದರೆ ಡಬಲ್ ಬಾಸ್ ವಾದ್ಯ ಬೇರೆಯದೇ ಆಗಿ ಕೇಳುತ್ತದೆ. ಸ್ಪೀಕರಿಗೆ ಎಷ್ಟೇ ಲಕ್ಷ ಸುರಿದರೂ ಸುಮಾರು 300 ಹರ್ಟ್ಸ್‌ನ ಕೆಳಗೆ ಕೋಣೆಯದೇ ಯಜಮಾನಿಕೆ. ಜರ್ಮನ್ ಭೌತವಿಜ್ಞಾನಿ ಮಾನ್‌ಫ್ರೆಡ್ ಶ್ರೋಡರ್ ಹಾಕಿಕೊಟ್ಟ ಸೂತ್ರವನ್ನು ಈ ಕೋಣೆಗೆ ಹಚ್ಚಿದರೆ, ಅನುರಣನ ಅರ್ಧ ಸೆಕೆಂಡ್ ಎಂದಿಟ್ಟುಕೊಂಡಾಗ, ಆ ಗಡಿ 240 ಹರ್ಟ್ಸ್‌ನ ಆಸುಪಾಸಿಗೆ ಬರುತ್ತದೆ.

ಗುಂಡಿ ಸರಿಸುವ ಈಕ್ವಲೈಸರಿಗೆ ದನಿಯ ಏರಿಳಿತ ಗೊತ್ತು, ಸಮಯವನ್ನು ಸೂಕ್ಷ್ಮವಾಗಿ ತಿದ್ದಲು ಬಾರದು. ದನಿ ಅಂಕಿಗಳಾಗಿ ಬದಲಾದ ಮೇಲೆ ಅದಕ್ಕೂ ದಾರಿ ತೆರೆಯಿತು. ಆದರೆ ದಾರಿ ತೆರೆಯುವ ಮೊದಲೇ ಎಚ್ಚರಿಕೆಯ ಫಲಕ ಬಿದ್ದಿತ್ತು: 1979ರಲ್ಲಿ ಬೆಲ್ ಲ್ಯಾಬ್ಸ್‌ನ ಸ್ಟೀಫನ್ ನೀಲಿ ಮತ್ತು ಜಾಂಟ್ ಆಲೆನ್, ಗೋಡೆಗಳು ಸಾಕಷ್ಟು ಸದ್ದು ಹೀರದ ಕೋಣೆಯ ಪರಿಣಾಮವನ್ನು ಗಣಿತದಿಂದ ಪೂರ್ತಿ ಅಳಿಸಿಹಾಕಲು ನೇರ ದಾರಿಯಿಲ್ಲ ಎಂದು ತೋರಿಸಿದ್ದರು.

ಎಂಜಿನಿಯರುಗಳು ಅಷ್ಟಕ್ಕೆ ಸುಮ್ಮನಾಗುವ ಜಾತಿಯಲ್ಲ. ಸಿಡಿ ಮಾರುಕಟ್ಟೆಗೆ ಬಂದ 1982ರಲ್ಲೇ ಅಮೆರಿಕದ ಅಕೌಸ್ಟಿಕ್ ರಿಸರ್ಚ್ ಕಂಪನಿಯ ರಾಬರ್ಟ್ ಬರ್ಕೊವಿಟ್ಜ್ ಕೋಣೆಯನ್ನು ಅಳೆದು ತಾನೇ ಹೊಂದಿಕೊಳ್ಳುವ ಡಿಜಿಟಲ್ ಪ್ರೊಸೆಸರಿನ ಬಗ್ಗೆ ಪ್ರಬಂಧ ಮಂಡಿಸಿದರು. ಆಗಿನ ಚಿಪ್ಪುಗಳಿಗೆ ಆ ಲೆಕ್ಕ ಭಾರ. ಹತ್ತು ವರ್ಷ ಕಳೆದು ಸಿಗ್‌ಟೆಕ್ ಎಂಬ ಕಂಪನಿಯ ತಿದ್ದುಪಡಿ ಪೆಟ್ಟಿಗೆ ಸ್ಟುಡಿಯೋಗಳಿಗೂ ಹಣವಂತರ ಮನೆಗಳಿಗೂ ಬಂತು. 1990ರ ದಶಕ ಮುಗಿಯುವ ಹೊತ್ತಿಗೆ ಟ್ಯಾಕ್ಟ್ ಕಂಪನಿ ಮೈಕನ್ನೂ ಕಂಪ್ಯೂಟರನ್ನೂ ಹೈ-ಫೈ ಪ್ರಿಯರ ಕೈಗೇ ಕೊಟ್ಟಿತು. ವಿನೈಲ್ ತಟ್ಟೆ ಹಾಕುವ ಹಳಬರು ಇದನ್ನು ಮೈಲಿಗೆ ಎಂದೇ ಬಗೆದರು.

ನಂತರದ ಐದಾರು ವರ್ಷ ಈ ಕಥೆಯ ಸುಗ್ಗಿ. 2000ದಲ್ಲಿ ಇಟಲಿಯ ಪಾರ್ಮಾದ ಆಂಜೆಲೊ ಫರೀನಾ ಕೆಳಗಿನ ಸ್ವರದಿಂದ ಮೇಲಕ್ಕೆ ಏರುತ್ತ ಹೋಗುವ ಒಂದೇ ಒಂದು ‘ಊಂಯ್’ ಸದ್ದಿನಿಂದ ಕೋಣೆಯ ಇಡೀ ಜಾತಕ ತೆಗೆಯುವ ವಿಧಾನ ಕೊಟ್ಟರು. ಇಂದು ಅಳತೆ ಮಾಡುವ ಬಹುತೇಕ ಎಲ್ಲರೂ ಬಳಸುವುದು ಅದನ್ನೇ. 2001ರಲ್ಲಿ ಸ್ವೀಡನ್ನಿನ ಉಪ್ಸಾಲ ವಿಶ್ವವಿದ್ಯಾಲಯದ ಸಂಶೋಧಕರು ಡಿರಾಕ್ ಎಂಬ ಕೋಣೆ ತಿದ್ದುಪಡಿಯ ಕಂಪನಿ ಕಟ್ಟಿದರು. ಮರುವರ್ಷ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ ಆಡಿಸ್ಸಿ ಎಂಬ ಅಂಥದೇ ಕಂಪನಿ ಹೊರಟಿತು. ಸ್ಥಾಪಕರಲ್ಲಿ ಸಿನಿಮಾ ಧ್ವನಿಯ ಟಿಎಚ್‌ಎಕ್ಸ್ ಮಾನದಂಡ ರೂಪಿಸಿದ ಟಾಮ್ಲಿನ್‌ಸನ್ ಹೋಲ್ಮನ್ ಜೊತೆ ಸುನಿಲ್ ಭಾರಿತ್ಕರ್ ಕೂಡ ಇದ್ದರು. ಒಂದೇ ಕುರ್ಚಿಯಲ್ಲಿ ಅಳೆದರೆ ಪಕ್ಕದ ಕುರ್ಚಿ ಕೆಡುತ್ತದೆ, ಹಲವು ಜಾಗಗಳಲ್ಲಿ ಅಳೆದು ಗುಂಪು ಕಟ್ಟಿ ನೋಡಬೇಕು ಎಂಬುದು ಅವರ ಮೂಲ ವಿಚಾರ. ಇತ್ತ ಡೆನ್ಮಾರ್ಕಿನ ಬ್ಯಾಂಗ್ ಆಂಡ್ ಒಲುಫ್ಸೆನ್ 2003ರಲ್ಲಿ ತಂದ ಬಿಯೊಲ್ಯಾಬ್ 5 ಸ್ಪೀಕರಿನ ಗುಂಡಿ ಒತ್ತಿದರೆ, ಬುಡದಿಂದ ಪುಟ್ಟ ಮೈಕೊಂದು ತಾನೇ ಹೊರಚಾಚಿ, ಕೋಣೆಯನ್ನು ಅಳೆದು ಒಳಸರಿಯುತ್ತಿತ್ತು. ತಿದ್ದುತ್ತಿದ್ದುದು ಬಾಸ್ ಅನ್ನು ಮಾತ್ರ. ಆ ತಿದ್ದುವ ವ್ಯವಸ್ಥೆಯನ್ನು ರೂಪಿಸಿದ ಯಾನ್ ಅಬಿಲ್ಗೋರ್ ಪೆಡರ್‌ಸನ್ ಮುಂದೆ ಲಿಂಗ್‌ಡಾರ್ಫ್ ಕಂಪನಿಗಾಗಿ ರೂಮ್‌ಪರ್ಫೆಕ್ಟ್ ಎಂಬ ತಿದ್ದುಪಡಿ ವ್ಯವಸ್ಥೆ ರಚಿಸಿದರು.

ದುಡ್ಡಿಲ್ಲದವರೂ ಹಿಂದೆ ಬೀಳಲಿಲ್ಲ. ಆಂಡರ್ಸ್ ಟೋರ್ಗರ್ ಬರೆದ ಬ್ರೂಟ್‌ಫಿರ್, ಡೆನಿಸ್ ಸ್ಬ್ರಾಜಿಯೋನ್ ಬರೆದ ಡಿಆರ್‌ಸಿ, ಜಾನ್ ಮಲ್ಕಾಹಿ ಬರೆದ ರೂಮ್ ಇಕ್ಯು ವಿಝಾರ್ಡ್ ತಂತ್ರಾಂಶಗಳು ಪುಕ್ಕಟೆಯಾಗಿ ಸಿಕ್ಕವು. ಹಳೆಯ ಕಂಪ್ಯೂಟರೊಂದು ಲಕ್ಷಾಂತರ ಬೆಲೆಯ ಪೆಟ್ಟಿಗೆಯ ಕೆಲಸ ಮಾಡತೊಡಗಿತು. 2015ರಲ್ಲಿ ಸೋನೋಸ್ ಕಂಪನಿ ಟ್ರೂಪ್ಲೇ ತಂದಾಗ, ಐಫೋನ್ ಹಿಡಿದು ಕೋಣೆ ತುಂಬ ಕೈಬೀಸುತ್ತ ಓಡಾಡಿದರೆ ಸಾಕು ಎಂಬಲ್ಲಿಗೆ ಬಂತು ಬೆಳವಣಿಗೆ.

ಇಷ್ಟೆಲ್ಲ ಆದರೂ ಕೇಳಲು ಚೆನ್ನಾಗಿದೆಯೇ ಎಂದು ಕಣ್ಣುಮುಚ್ಚಿ ಪರೀಕ್ಷಿಸಿದವರು ಕಡಿಮೆ. 2009ರಲ್ಲಿ ಹರ್ಮನ್ ಕಂಪನಿಯ ಶಾನ್ ಆಲಿವ್ ಆ ಕೆಲಸ ಮಾಡಿದರು. ಹಲವು ತಿದ್ದುಪಡಿ ವ್ಯವಸ್ಥೆಗಳನ್ನೂ ತಿದ್ದುಪಡಿಯೇ ಇಲ್ಲದ ದನಿಯನ್ನೂ, ಯಾವುದು ಯಾವುದೆಂದು ಹೇಳದೆ, ಪಳಗಿದ ಕಿವಿಗಳ ಮುಂದಿಟ್ಟರು. ಕೆಲವು ಗೆದ್ದವು, ಏನೂ ಮಾಡದಿದ್ದರೇ ವಾಸಿಯಿತ್ತು ಎನಿಸಿಕೊಂಡದ್ದೂ ಇತ್ತು. ಗೆದ್ದವುಗಳ ಗೆರೆ ಬಾಸ್‌ನಿಂದ ಟ್ರೆಬಲ್ಲಿಗೆ ನಯವಾಗಿ ಇಳಿಯುತ್ತಿತ್ತು. ಅದಕ್ಕೂ 35 ವರ್ಷ ಹಿಂದೆ ಮೊಲ್ಲರ್ ಹೇಳಿದ್ದೂ ಹೆಚ್ಚುಕಡಿಮೆ ಅದನ್ನೇ.

ತಿದ್ದುಪಡಿ ಎಲ್ಲಿಯವರೆಗೆ ಎಂಬ ಬಗ್ಗೆ ಕೆನಡಾದ ಧ್ವನಿವಿಜ್ಞಾನಿ ಫ್ಲಾಯ್ಡ್ ಟೂಲ್ ವರ್ಷಗಟ್ಟಲೆ ಖಡಾಖಂಡಿತವಾಗಿ ವಾದಿಸಿದ್ದು ಇಷ್ಟು. ಕೆಳಗಿನ ಸ್ವರಗಳಲ್ಲಿ ಕೋಣೆಯನ್ನು ತಿದ್ದಬಹುದು, ತಿದ್ದಲೂಬೇಕು. ಮೇಲಿನ ಸ್ವರಗಳಲ್ಲಿ ಒಳ್ಳೆಯ ಸ್ಪೀಕರ್ ಆರಿಸಿಕೊಳ್ಳುವುದೇ ದಾರಿ. ಕಾರಣ ಸರಳ. 5,000 ಹರ್ಟ್ಸ್ ಅಲೆಯ ಉದ್ದ ಏಳು ಸೆಂಟಿಮೀಟರಿಗಿಂತ ಕಡಿಮೆ. ತಲೆ ಕೊಂಚ ಅಲ್ಲಾಡಿದರೆ ಮೈಕ್ ಹೇಳಿದ ಅಳತೆ ಸುಳ್ಳಾಗುತ್ತದೆ. ಮೈಕಿಗೆ ನೇರ ದನಿ ಯಾವುದು, ಗೋಡೆಯಿಂದ ಬಂದದ್ದು ಯಾವುದು ಎಂಬ ಭೇದವಿಲ್ಲ. ಎರಡು ಕಿವಿ, ಒಂದು ಮಿದುಳು ಇರುವ ಮನುಷ್ಯನಿಗೆ ಇದೆ. ಈ ಲೇಖಕನ ತೀರ್ಪೂ ಟೂಲ್ ಪರವೇ.

ಇನ್ನು ನಮ್ಮ ಮನೆಗಳ ವಿಷಯ. ಕಾಂಕ್ರೀಟ್ ಗೋಡೆ, ವಿಟ್ರಿಫೈಡ್ ಟೈಲ್ಸ್, ಗಾಜಿನ ಕಿಟಕಿ, ಬರಿಗೋಡೆಗೆ ಒಂದು ಟಿವಿ: ಅಲ್ಲಿ ಉಳಿಯುವ ಅನುರಣನವನ್ನು ಯಾವ ಫಿಲ್ಟರೂ ಹೀರುವುದಿಲ್ಲ. ಅದಕ್ಕೆ ಜಮಖಾನೆ, ದಪ್ಪ ಪರದೆ, ಪುಸ್ತಕದ ಕಪಾಟೇ ಬೇಕು. ಸ್ಪೀಕರನ್ನೂ ಕುರ್ಚಿಯನ್ನೂ ಸರಿಸಿ ನೋಡುವುದಕ್ಕೆ ಖರ್ಚೇ ಇಲ್ಲ. ಅದಾದ ಮೇಲೆ ಅಳತೆಯ ಮೈಕ್ ಕೊಂಡು, 300 ಹರ್ಟ್ಸ್‌ನ ಕೆಳಗೆ ಗುಡುಗುವ ಉಬ್ಬುಗಳನ್ನು ಇಳಿಸಿ. ತಗ್ಗುಗಳನ್ನು ಎತ್ತಲು ಹೋಗಬೇಡಿ. ಅಲೆಗಳು ಒಂದನ್ನೊಂದು ನುಂಗಿಕೊಳ್ಳುವ ಜಾಗಕ್ಕೆ ಎಷ್ಟು ಶಕ್ತಿ ಸುರಿದರೂ ತೂತು ಕೊಡಕ್ಕೆ ನೀರು ತುಂಬಿದಂತೆ, ಆಂಪ್ಲಿಫೈಯರ್ ಬಳಲುತ್ತದೆ ಅಷ್ಟೆ. ಕೊನೆಗೆ ತಿದ್ದುಪಡಿಯನ್ನು ಒಮ್ಮೆ ಹಾಕಿ, ಒಮ್ಮೆ ತೆಗೆದು ಕೇಳುವಾಗ ಎರಡೂ ಸಲ ದನಿಯ ಮಟ್ಟ ಸಮವಾಗಿರಲಿ. ಒಂದೆರಡು ಡೆಸಿಬೆಲ್ ಜೋರಾದದ್ದನ್ನೇ ಕಿವಿ ಚೆನ್ನಾಗಿದೆ ಎಂದು ಒಪ್ಪಿಬಿಡುತ್ತದೆ.