ಟರ್ಬೈನಿನ ಹದ, ತಾರೆಯ ಜಾಡು

ಮಳವಳ್ಳಿ ತಾಲ್ಲೂಕಿನ ಬ್ಲಫ್ ಎಂದೊಡನೆ ನೆನಪಾಗುವುದು ಶಿವನಸಮುದ್ರದ ವಿದ್ಯುದಾಗಾರ. 1902ರಲ್ಲಿ ಕಾವೇರಿಯ ನೀರಿನಿಂದ ಹುಟ್ಟಿದ ವಿದ್ಯುತ್ತು ಇಲ್ಲಿಂದ ಸುಮಾರು 147 ಕಿ.ಮೀ. ದೂರದ ಕೋಲಾರ ಚಿನ್ನದ ಗಣಿಗೆ ಹರಿಯಿತು. ದೂರದಲ್ಲಿ ದೊಡ್ಡ ಯಂತ್ರವೊಂದು ತಟಕ್ಕನೆ ನಿಂತರೆ, ಹೊರೆ ಇಳಿದ ಟರ್ಬೈನಿನ ವೇಗ ಏರುತ್ತದೆ. ಆಗ ನೀರು ತಗ್ಗಿಸಿ ಅದನ್ನು ಹದಕ್ಕೆ ತರುವ ಸಾಧನವೇ ಗವರ್ನರ್.

ಇದಕ್ಕೂ ನಕ್ಷತ್ರಗಳ ಫೋಟೊ ತೆಗೆಯುವ ಹವ್ಯಾಸಿಗಳಿಗೂ ಏನು ಸಂಬಂಧ? ಭೂಮಿ ತಿರುಗುವುದರಿಂದ ಆಕಾಶ 4 ನಿಮಿಷಕ್ಕೆ 1 ಡಿಗ್ರಿಯಷ್ಟು ಸರಿದಂತೆ ಕಾಣುತ್ತದೆ. ದೂರದರ್ಶಕವೂ ಅಷ್ಟೇ ವೇಗವಾಗಿ ತಿರುಗದಿದ್ದರೆ ಚಿತ್ರದಲ್ಲಿ ಚುಕ್ಕಿಯ ಬದಲು ಗೆರೆ ಮೂಡುತ್ತದೆ. ಹಿಂದೆ ಅದನ್ನು ತಿರುಗಿಸುತ್ತಿದ್ದುದು ಗಡಿಯಾರದಂಥ ಯಂತ್ರ. ಅದಕ್ಕೂ ಗವರ್ನರ್ ಇತ್ತು. ಗ್ರೀನಿಚ್ ವೀಕ್ಷಣಾಲಯದ ಜಾರ್ಜ್ ಏರಿ, ಈ ಗವರ್ನರ್ ಕೆಲವೊಮ್ಮೆ ಅಂಕೆ ಮೀರಿ ಏರಿಳಿಯುವುದೇಕೆಂದು 1840ರಲ್ಲಿ ಗಣಿತದಿಂದ ವಿವರಿಸಿದರು. ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಅವರ ಹೆಸರಾಂತ ಪ್ರಬಂಧ ಬಂದದ್ದು 1868ರಲ್ಲಿ. ಹೀಗೆ ಯಂತ್ರದ ಹದ ಕಾಯುವ ಶಾಸ್ತ್ರದ ಒಂದು ಬೇರು ದೂರದರ್ಶಕದಲ್ಲೇ ಇದೆ.

ಯಂತ್ರವೊಂದನ್ನೇ ನಂಬುವಂತಿರಲಿಲ್ಲ. ಖಗೋಳಜ್ಞರು ಗಂಟೆಗಟ್ಟಲೆ ಇನ್ನೊಂದು ದೂರದರ್ಶಕಕ್ಕೆ ಕಣ್ಣಿಟ್ಟು, ತಾರೆ ಕದಲಿದಾಗಲೆಲ್ಲ ತಿರುಪು ತಿರುಗಿಸುತ್ತ ಕೂರಬೇಕಿತ್ತು. ಚಳಿಯಲ್ಲಿ ಅದೊಂದು ತಪಸ್ಸೇ! 1990ರ ಸುಮಾರಿಗೆ ಬಂದ ಎಸ್‌ಟಿ-4 ಎಂಬ ಪುಟ್ಟ ಎಲೆಕ್ಟ್ರಾನಿಕ್ ಸಾಧನ ಹವ್ಯಾಸಿಗಳನ್ನು ಇದರಿಂದ ಪಾರುಮಾಡಿತು. ಈಗ ಸಣ್ಣ ಕ್ಯಾಮೆರಾ ತಾರೆಯನ್ನು ನೋಡುತ್ತದೆ, ಕಂಪ್ಯೂಟರ್ ಮೋಟಾರನ್ನು ತಿದ್ದುತ್ತದೆ. ಇದೇ ಆಟೊಗೈಡಿಂಗ್.

ಆದರೂ ರಾತ್ರಿಯಿಡೀ ತೆಗೆದ ಚಿತ್ರ ಕೆಡುವುದುಂಟು. ಹಲವು ಬಾರಿ ಕಾರಣ ಅತಿಯಾದ ತಿದ್ದುಪಡಿ. ಗಾಳಿಯ ಕದಲಿಕೆಯಿಂದ ತಾರೆ ಮಿನುಗುತ್ತದೆ. ಕ್ಯಾಮೆರಾ ಅರೆ ಸೆಕೆಂಡಿಗೊಮ್ಮೆ ನೋಡಿದರೆ ಆ ಮಿನುಗನ್ನೇ ತಾರೆಯ ಚಲನೆಯೆಂದು ಬಗೆದು ಅದರ ಬೆನ್ನುಹತ್ತುತ್ತದೆ. 2ರಿಂದ 4 ಸೆಕೆಂಡು ನೋಡಿದರೆ ನಡುಕ ಸರಾಸರಿಯಲ್ಲಿ ಕರಗುತ್ತದೆ. ಕಂಡ ತಪ್ಪನ್ನು ಒಮ್ಮೆಗೇ ಪೂರ್ತಿ ತಿದ್ದದೆ ಒಂದು ಪಾಲನ್ನಷ್ಟೇ ತಿದ್ದುವುದು, ಒಂದರ ಬದಲು ಹಲವು ತಾರೆಗಳನ್ನು ಗಮನಿಸುವುದು ಇನ್ನೂ ಲೇಸು. ನೀರನ್ನು ಅತಿಯಾಗಿ ಮುಚ್ಚಿ ತೆರೆಯುವ ಗವರ್ನರ್ ಟರ್ಬೈನನ್ನು ತೂಗಾಡಿಸುವುದೂ ಹೀಗೆಯೇ.

ಬ್ಲಫ್‌ನಂಥ ಕಡೆ ಇನ್ನೊಂದು ತೊಡಕಿದೆ. ದೂರದರ್ಶಕದ ಅಕ್ಷವನ್ನು ಆಕಾಶದ ಧ್ರುವಕ್ಕೆ ಸರಿಯಾಗಿ ಗುರಿಯಿಡದಿದ್ದರೆ ಆಟೊಗೈಡಿಂಗ್ ಎಷ್ಟು ತಿದ್ದಿದರೂ ಚಿತ್ರ ಮೆಲ್ಲಗೆ ಸುತ್ತುತ್ತದೆ. ಇಲ್ಲಿನ ಅಕ್ಷಾಂಶ ಸುಮಾರು 12 ಡಿಗ್ರಿ. ಹಾಗಾಗಿ ಧ್ರುವತಾರೆ ದಿಗಂತದಿಂದ ಅಷ್ಟೇ ಎತ್ತರದಲ್ಲಿ, ಮಬ್ಬಿನಲ್ಲೋ ಮರಗಳ ಮರೆಯಲ್ಲೋ ಇರುತ್ತದೆ. ಅದು ಕಾಣದಿದ್ದರೆ ನೆತ್ತಿಯ ಬಳಿಯ ತಾರೆಯೊಂದು ಉತ್ತರಕ್ಕೋ ದಕ್ಷಿಣಕ್ಕೋ ಜಾರುವುದನ್ನು ನೋಡುತ್ತ, ಜಾರುವುದು ನಿಲ್ಲುವವರೆಗೆ ಅಕ್ಷವನ್ನು ಕೈಯಾರೆ ಹೊಂದಿಸಬೇಕು.