ಹುಚ್ಚರ ಆಸ್ಪತ್ರೆ ಮತ್ತು ನಮ್ಮೂರ ದವಾಖಾನೆ

ನಮ್ಮ ಕಡೆ ಯಾರಾದರೂ ಅಡ್ಡಾದಿಡ್ಡಿ ಮಾತಾಡಿದರೆ ‘ಇಂವನ್ನ ಧಾರವಾಡಕ್ಕ ಕಳಸಬೇಕು’ ಎಂದು ನಗುತ್ತೇವೆ. ಈ ನಗೆಯ ಹಿಂದೆ ದೊಡ್ಡ ಚರಿತ್ರೆಯೇ ಇದೆ. ಧಾರವಾಡದಲ್ಲಿ ಹುಚ್ಚರ ಆಸ್ಪತ್ರೆ ಆರಂಭವಾದದ್ದು 1845ರಲ್ಲಿ. ಆಗ ಧಾರವಾಡ ಮುಂಬಯಿ ಪ್ರಾಂತ್ಯದಲ್ಲಿತ್ತು, ಕಲಬುರಗಿ ನಿಜಾಮರ ಸೀಮೆಯಲ್ಲಿತ್ತು. 1956ರಲ್ಲಿ ಎರಡೂ ಒಂದೇ ರಾಜ್ಯಕ್ಕೆ ಸೇರಿದವು. ಆದರೂ ನಮ್ಮ ಪಾಲಿಗೆ ಧಾರವಾಡ ಎಂದರೆ ಕಣ್ಣಿಗೆ ಕಾಣದಷ್ಟು ದೂರ ಕಳಿಸುವ ಜಾಗ ಎಂಬ ಅರ್ಥವೇ ಉಳಿಯಿತು.

ಮನೋರೋಗಿಗಳನ್ನು ಹೀಗೆ ಬೇರೆ ಇಡುವುದು ಎಲ್ಲ ಕಾಲದ, ಎಲ್ಲ ದೇಶದ ರೂಢಿಯಾಗಿರಲಿಲ್ಲ. ಸುಲ್ತಾನ್ ಕಲಾವೂನ್ 1284ರಲ್ಲಿ ಕೈರೋದಲ್ಲಿ ಕಟ್ಟಿಸಿದ ಮನ್ಸೂರಿ ಆಸ್ಪತ್ರೆಯಲ್ಲಿ ಜ್ವರದವರಿಗೂ ಕಣ್ಣುಬೇನೆಯವರಿಗೂ ಮನೋರೋಗಿಗಳಿಗೂ ಒಂದೇ ಆವರಣದಲ್ಲಿ ಚಿಕಿತ್ಸೆ ಸಿಗುತ್ತಿತ್ತು. ಇಂಥ ಆಸ್ಪತ್ರೆಗೆ ಬಿಮಾರಿಸ್ತಾನ್ ಎಂಬ ಹೆಸರು. ಬೀಮಾರ್ ಎಂದರೆ ರೋಗಿ. ಯಾವ ರೋಗ ಎಂಬ ಭೇದ ಆ ಮಾತಿನಲ್ಲಿಲ್ಲ. ಶತಮಾನಗಳು ಕಳೆದಂತೆ ಈ ಆಸ್ಪತ್ರೆಗಳು ಕ್ಷೀಣಿಸಿದವು. ಕೊನೆಗೆ ‘ಮಾರಿಸ್ತಾನ್’ ಎಂದರೆ ಬರೀ ಹುಚ್ಚಾಸ್ಪತ್ರೆ ಎಂದಾಯಿತು.

ಬೇರೆ ಮಾಡಿದ್ದರ ಪರಿಣಾಮ ರೋಗಿಯ ಮೇಲೆ ಮಾತ್ರ ಆಗಲಿಲ್ಲ, ವೈದ್ಯರ ಮೇಲೂ ಆಯಿತು. ಮನೋರೋಗಿಯನ್ನು ದಿನವೂ ನೋಡದ ವೈದ್ಯರಿಗೆ ಅವನ ಬಗ್ಗೆ ಜನಸಾಮಾನ್ಯರಿಗಿರುವ ಭಯವೇ ಇರುತ್ತದೆ. ಎಂ.ಬಿ.ಬಿ.ಎಸ್. ಓದಿನಲ್ಲಿ ಮನೋವೈದ್ಯ ಶಾಸ್ತ್ರಕ್ಕೆ ಪ್ರತ್ಯೇಕ ಅಂತಿಮ ಪರೀಕ್ಷೆಯಿಲ್ಲ. ಪರೀಕ್ಷೆಗೆ ಬಾರದ ವಿಷಯವನ್ನು ವಿದ್ಯಾರ್ಥಿಗಳು ಎಷ್ಟು ಓದುತ್ತಾರೆಂಬುದನ್ನು ನಾವು ಹೇಳಬೇಕಾಗಿಲ್ಲ.

ಇದನ್ನು ಬದಲಿಸಬಹುದೆಂದು ತೋರಿಸಿದ್ದು ನಮ್ಮ ನೆರೆಯ ಬಳ್ಳಾರಿ. 1980ರ ದಶಕದಲ್ಲಿ ನಿಮ್ಹಾನ್ಸ್ ಸಂಸ್ಥೆಯು ಸುಮಾರು 20 ಲಕ್ಷ ಜನರಿದ್ದ ಆ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ಅಲ್ಪಾವಧಿಯ ತರಬೇತಿ ಕೊಟ್ಟಿತು. ಬೇಕಾದ ಔಷಧಿಗಳು ಅಲ್ಲಿಯೇ ಸಿಗುವಂತೆ ಮಾಡಿತು. ಕೆಮ್ಮು ಜ್ವರ ನೋಡುವ ವೈದ್ಯರೇ ತೀವ್ರ ಮನೋರೋಗಕ್ಕೂ ಚಿಕಿತ್ಸೆ ಕೊಡಬಲ್ಲರೆಂದು ಗೊತ್ತಾಯಿತು. 1996ರಲ್ಲಿ ಆರಂಭವಾದ ಕೇಂದ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ಮುಂದೆ ಅದು ಕಲಬುರಗಿಗೂ ಬಂತು.

ಆದರೆ ಮಾತ್ರೆ ಹತ್ತಿರ ಬಂದ ಮಾತ್ರಕ್ಕೆ ಮನೋಭಾವ ಬದಲಾಗುವುದಿಲ್ಲ. ಸ್ಕಿಜೋಫ್ರೇನಿಯಾ ಇರುವ ಹೆಣ್ಣುಮಗಳೊಬ್ಬಳು ಕಮಲಾಪುರದ ದವಾಖಾನೆಗೆ ಬಂದು ಎದೆನೋವು ಎನ್ನುತ್ತಾಳೆಂದುಕೊಳ್ಳಿ. ವೈದ್ಯರು ಹಳೆಯ ಚೀಟಿ ನೋಡಿ, ಅವಳನ್ನು ಬಿಟ್ಟು ಜೊತೆಗೆ ಬಂದ ಅಣ್ಣನನ್ನು ಮಾತಾಡಿಸಿ, ‘ಕಲಬುರಗಿಗೆ ಮನೋವೈದ್ಯರ ಹತ್ತಿರ ಕರಕೊಂಡು ಹೋಗ್ರಿ’ ಎಂದರೆ? ಇ.ಸಿ.ಜಿ. ತೆಗೆಯದೆ ಹೋದ ಆ ಹೊತ್ತಿನಲ್ಲಿ ಜೀವವೇ ಹೋಗಬಹುದು. ತೀವ್ರ ಮನೋರೋಗಿಗಳು ಉಳಿದವರಿಗಿಂತ 10ರಿಂದ 20 ವರ್ಷ ಮುಂಚೆ ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅವರಲ್ಲಿ ಹೆಚ್ಚಿನವರನ್ನು ಕೊಲ್ಲುವುದು ಹೃದಯದ ಕಾಯಿಲೆಯಂಥ, ತಡೆಯಬಹುದಾದ ದೈಹಿಕ ರೋಗಗಳು. ಓಲಾಂಜಪೀನ್‌ನಂಥ ಮಾತ್ರೆಗಳಿಂದ ತೂಕವೂ ಸಕ್ಕರೆಯೂ ಏರುತ್ತವೆ. ಹೀಗಾಗಿ ಅವರ ದೇಹವನ್ನು ಇನ್ನಷ್ಟು ಎಚ್ಚರದಿಂದ ನೋಡಬೇಕು. ಆಗುವುದು ಮಾತ್ರ ತಿರುವುಮುರುವು.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ 29ರಿಂದ ಜಾರಿಯಲ್ಲಿದೆ. ಮನೋರೋಗಿಗೆ ದೈಹಿಕ ರೋಗಿಯಷ್ಟೇ ಸಮಾನವಾದ ಚಿಕಿತ್ಸೆ ಸಿಗಬೇಕೆಂದು ಅದರ 21ನೇ ಕಲಮು ಹೇಳುತ್ತದೆ. 2018ರಲ್ಲಿ ತಾಲ್ಲೂಕಾದ ಕಮಲಾಪುರಕ್ಕೂ, ಹಲವು ವೈದ್ಯಕೀಯ ಕಾಲೇಜುಗಳಿರುವ ಕಲಬುರಗಿಗೂ ಈ ಕಾನೂನು ಒಂದೇ. ಅದು ಪಾಲನೆಯಾಗುತ್ತಿದೆಯೇ ಎಂದು ತಿಳಿಯಲು ದೊಡ್ಡ ಸಮೀಕ್ಷೆ ಬೇಡ. ಮನೋರೋಗಿ ನೋವೆಂದಾಗ ನಮ್ಮೂರ ವೈದ್ಯರು ಅವನ ನಾಡಿ ಹಿಡಿದು ನೋಡುತ್ತಾರೋ ಇಲ್ಲವೋ ಎಂಬುದನ್ನು ಗಮನಿಸಿದರೆ ಸಾಕು. ನೋಡದಿದ್ದರೆ ಕೇಳುವ ಹಕ್ಕು ಮನೆಯವರಿಗಿದೆ. ಅವರ ಜೊತೆ ನಿಂತು ಕೇಳುವ ಹೊಣೆ ನಮ್ಮೆಲ್ಲರದು.