ಕ್ರೀಡಾಶಿಕ್ಷಕನ ಸ್ಥಾನ: ಅಮೋಸ್ ಅಲೋಂಜೊ ಸ್ಟ್ಯಾಗ್ ಅವರ ಜೀವನ ಸಮೀಕ್ಷೆ

ವಿಶ್ವವಿದ್ಯಾನಿಲಯದಲ್ಲಿ ಆಟ ಕಲಿಸುವವನ ಸ್ಥಾನವೇನು? ಆತನನ್ನು ಅಧ್ಯಾಪಕರ ಪಂಕ್ತಿಯಲ್ಲಿ ಸೇರಿಸಬೇಕೆ, ಅಥವಾ ಪಂದ್ಯ ಗೆದ್ದುಕೊಡಲೆಂದು ಗೊತ್ತುಮಾಡಿಕೊಂಡ ನೌಕರನೆಂದು ಎಣಿಸಬೇಕೆ? ಈ ಪ್ರಶ್ನೆಯನ್ನು ಅಮೆರಿಕದ ಅಮೋಸ್ ಅಲೋಂಜೊ ಸ್ಟ್ಯಾಗ್ (1862–1965) ಅವರ ಜೀವನದ ಆಧಾರದಿಂದ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ನ್ಯೂಜೆರ್ಸಿ ಪ್ರಾಂತದ ವೆಸ್ಟ್ ಆರೆಂಜ್‌ನ ಬಡಕುಟುಂಬವೊಂದರಲ್ಲಿ ಹುಟ್ಟಿದ ಸ್ಟ್ಯಾಗ್, ಕ್ರೈಸ್ತ ಧರ್ಮೋಪದೇಶಕರಾಗಬೇಕೆಂಬ ಹಂಬಲದಿಂದ ಯೇಲ್ ವಿಶ್ವವಿದ್ಯಾನಿಲಯವನ್ನು ಸೇರಿದರು. ಅಲ್ಲಿ ಬೇಸ್‌ಬಾಲಿನಲ್ಲಿ ಚೆಂಡೆಸೆಯುವುದರಲ್ಲಿ ಹೆಸರಾದರು. ಚೆಂಡನ್ನು ಹಿಡಿದು ಓಡುವ ಅಮೆರಿಕದ ಫುಟ್‌ಬಾಲಿನಲ್ಲಿಯೂ ಅಷ್ಟೇ ನಿಪುಣರಾಗಿ, 1889ರಲ್ಲಿ ಮೊಟ್ಟಮೊದಲು ಪ್ರಕಟವಾದ ಅಖಿಲ ಅಮೆರಿಕ ಕಾಲೇಜು ತಂಡದಲ್ಲಿ ಸ್ಥಾನ ಪಡೆದರು. ವೃತ್ತಿಪರ ಬೇಸ್‌ಬಾಲ್ ತಂಡಗಳ ಆಹ್ವಾನವನ್ನು ಅವರು ನಿರಾಕರಿಸಿದರು. ಉಪನ್ಯಾಸ ವೇದಿಕೆ ತಮಗೆ ಒಗ್ಗದೆಂದು ತಿಳಿದಮೇಲೆ ಧರ್ಮೋಪದೇಶದ ಮಾರ್ಗವನ್ನು ಬಿಟ್ಟರು. ತರುಣರ ಶೀಲವನ್ನು ಆಟದ ಬಯಲಿನಲ್ಲಿಯೇ ರೂಪಿಸಬಹುದೆಂದು ನಿಶ್ಚಯಿಸಿದರು.

1890ರಲ್ಲಿ ಅವರು ಸ್ಪ್ರಿಂಗ್‌ಫೀಲ್ಡಿನ ವೈ.ಎಂ.ಸಿ.ಎ. ಶಿಕ್ಷಣಶಾಲೆಯನ್ನು ಸೇರಿದರು. ಮರುವರ್ಷ ಅಲ್ಲಿಯೇ ಜೇಮ್ಸ್ ನೈಸ್ಮಿತ್ ಅವರು ಬ್ಯಾಸ್ಕೆಟ್‌ಬಾಲ್ ಆಟವನ್ನು ಕಲ್ಪಿಸಿದರು. 1892ರ ಮಾರ್ಚ್ 11ರಂದು ಸಾರ್ವಜನಿಕರೆದುರು ನಡೆದ ಅದರ ಮೊದಲ ಪಂದ್ಯದಲ್ಲಿ ವಿದ್ಯಾರ್ಥಿಗಳು ಅಧ್ಯಾಪಕರನ್ನು 5–1ರಿಂದ ಸೋಲಿಸಿದರು. ಅಧ್ಯಾಪಕರ ಆ ಒಂದು ಅಂಕವನ್ನು ಗಳಿಸಿದವರು ಸ್ಟ್ಯಾಗ್. ಇದೇ ಸಂಸ್ಥೆಯಲ್ಲಿ ಕಲಿತ ಹ್ಯಾರಿ ಕ್ರೋ ಬಕ್ ಅವರು 1920ರಲ್ಲಿ ಮದರಾಸಿನಲ್ಲಿ ದೈಹಿಕ ಶಿಕ್ಷಣ ಕಾಲೇಜನ್ನು ಸ್ಥಾಪಿಸಿದರಾದ್ದರಿಂದ, ಈ ಪರಂಪರೆ ದಕ್ಷಿಣ ಭಾರತಕ್ಕೂ ಅಪರಿಚಿತವಲ್ಲ.

1892ರಲ್ಲಿ ಆರಂಭವಾದ ಷಿಕಾಗೊ ವಿಶ್ವವಿದ್ಯಾನಿಲಯದ ಅಧ್ಯಕ್ಷ ವಿಲಿಯಂ ರೇನಿ ಹಾರ್ಪರ್, ಯೇಲಿನಲ್ಲಿ ಸ್ಟ್ಯಾಗ್ ಅವರಿಗೆ ಬೈಬಲ್ ಬೋಧಿಸಿದ್ದವರು. ಅವರು ತಮ್ಮ ಶಿಷ್ಯನನ್ನು ಸಹ ಪ್ರಾಧ್ಯಾಪಕರನ್ನಾಗಿಯೂ ದೈಹಿಕ ಶಿಕ್ಷಣ ವಿಭಾಗದ ನಿರ್ದೇಶಕರನ್ನಾಗಿಯೂ ನೇಮಿಸಿದರು. ಕ್ರೀಡಾಶಿಕ್ಷಕನಿಗೆ ಅಧ್ಯಾಪಕನ ಪದವಿಯನ್ನೂ ಭದ್ರತೆಯನ್ನೂ ಕೊಟ್ಟ ಈ ನೇಮಕ ಆ ಕಾಲಕ್ಕೆ ಹೊಸದು. ಮೊದಲ ವರ್ಷ ಆಟಗಾರರು ಸಾಲದೆ ಅವರೇ ತಂಡದೊಡನೆ ಆಡಿದರು. 1905ರಲ್ಲಿ, ಹಲವು ವರ್ಷಗಳಿಂದ ಅಜೇಯವಾಗಿದ್ದ ಮಿಷಿಗನ್ ತಂಡವನ್ನು ಅವರ ಶಿಷ್ಯರು 2–0ರಿಂದ ಸೋಲಿಸಿದರು.

ಆದರೆ ಈ ಕೀರ್ತಿಗೆ ಇನ್ನೊಂದು ಮುಖವೂ ಉಂಟು. ಹೊಸ ವಿಶ್ವವಿದ್ಯಾನಿಲಯಕ್ಕೆ ಫುಟ್‌ಬಾಲ್ ಪ್ರಚಾರಸಾಧನವೂ ಆಯಿತು. ಪ್ರೇಕ್ಷಕರ ಗ್ಯಾಲರಿ ಬೆಳೆದಂತೆ ಆಟ ವಿದ್ಯಾರ್ಥಿಗಳ ಶಿಕ್ಷಣಕ್ಕೋ ಪ್ರೇಕ್ಷಕರ ವಿನೋದಕ್ಕೋ ಎಂಬ ಸಂದೇಹವೂ ಬೆಳೆಯಿತು. ಹಣಕ್ಕಾಗಿ ಆಡಲೊಪ್ಪದ ಸ್ಟ್ಯಾಗ್ ಅವರ ವಿಭಾಗವೇ ಈ ಆಕ್ಷೇಪಕ್ಕೆ ಒಳಗಾದದ್ದು ಗಮನಾರ್ಹ.

ಎಪ್ಪತ್ತು ವರ್ಷ ತುಂಬಿದಾಗ, ಅಧ್ಯಕ್ಷ ರಾಬರ್ಟ್ ಹಚಿನ್ಸ್ ಅವರ ಆಡಳಿತದಲ್ಲಿ, ಸ್ಟ್ಯಾಗ್ ನಿವೃತ್ತರಾಗಬೇಕಾಯಿತು. ಅಧ್ಯಾಪಕರೆಂಬ ಮನ್ನಣೆಯೇ ಅಧ್ಯಾಪಕರ ನಿವೃತ್ತಿನಿಯಮಕ್ಕೂ ಅವರನ್ನು ಒಳಪಡಿಸಿತೆಂದು ನಾವು ಭಾವಿಸುತ್ತೇವೆ. 1939ರಲ್ಲಿ ಅದೇ ಮಿಷಿಗನ್ನಿಗೆ 85–0ರಿಂದ ಸೋತ ಷಿಕಾಗೊ, ವರ್ಷಾಂತ್ಯದಲ್ಲಿ ಅಂತರ ಕಾಲೇಜು ಫುಟ್‌ಬಾಲನ್ನೇ ಕೈಬಿಟ್ಟಿತು. ಸ್ಟ್ಯಾಗ್ ಅವರ ಹೆಸರಿನ ಕ್ರೀಡಾಂಗಣದ ಗ್ಯಾಲರಿಯ ಕೆಳಗೆ, 1942ರ ಡಿಸೆಂಬರ್ 2ರಂದು, ಎನ್ರಿಕೊ ಫರ್ಮಿ ಅವರ ತಂಡ ಮೊದಲ ನಿಯಂತ್ರಿತ ಪರಮಾಣು ಸರಪಳಿಕ್ರಿಯೆಯನ್ನು ನಡೆಸಿತು.

ಸ್ಟ್ಯಾಗ್ ಮಾತ್ರ ವಿಶ್ರಮಿಸಲಿಲ್ಲ. 1933ರಿಂದ 1946ರವರೆಗೆ ಕ್ಯಾಲಿಫೋರ್ನಿಯದ ಪೆಸಿಫಿಕ್ ಕಾಲೇಜಿನಲ್ಲಿ ಕಲಿಸಿ, 1943ರಲ್ಲಿ, ತಮ್ಮ 81ನೆಯ ವಯಸ್ಸಿನಲ್ಲಿ, ವರ್ಷದ ಶ್ರೇಷ್ಠ ತರಬೇತುದಾರರೆಂಬ ಗೌರವ ಪಡೆದರು. ಬಳಿಕ ಸಸ್ಕ್ವಹಾನದಲ್ಲಿ ಮಗನೊಡನೆ ದುಡಿದರು. 102ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಇದರಿಂದ ನಮಗೆ ತೋರುವುದಿಷ್ಟು: ಹಾರ್ಪರ್ ಕೊಟ್ಟ ಮನ್ನಣೆ ಸ್ಟ್ಯಾಗ್ ಎಂಬ ವ್ಯಕ್ತಿಗೆ ಸಂದಿತು, ಅವರು ಕಲಿಸಿದ ಆಟಕ್ಕೆ ವಿದ್ಯೆಯ ಸ್ಥಾನ ಸ್ಥಿರವಾಗಲಿಲ್ಲ. 1969ರಲ್ಲಿ ಷಿಕಾಗೊ ಫುಟ್‌ಬಾಲನ್ನು ಸಣ್ಣ ಪ್ರಮಾಣದಲ್ಲಿ ಪುನರಾರಂಭಿಸಿತು. ಗೆಲುವಿಗಿಂತ ಕಲಿಕೆಯನ್ನು ಮುಂದಿಡುವ ಆ ಕ್ರಮವನ್ನು ನೋಡಲು ಮಾತ್ರ ಸ್ಟ್ಯಾಗ್ ಉಳಿದಿರಲಿಲ್ಲ.